ನಾಲ್ಕನೆಯ ನಿಯಮಕ್ಕೆ ಮೂರನೆಯ ಕಾರಣ

೩ ಸೆಪ್ಟೆಂಬರ್ ೧೯೫೬, ಸೋಮವಾರ

ಗದಗ-ಬೆಟಗೇರಿ ಅವಳಿ ಊರುಗಳ ಸಮಸ್ತ ಮಹಾಜನರೇ, ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಕಂದೀಲೇ, ಬಲಗಡೆಯ ಕಪಾಟೇ, ಎಡಗಡೆಯ ನೀರಿನ ಕೊಡವೇ, ತಡವಾಗಿ ಆಗಮಿಸಿ ತೊಲೆಯ ಮೇಲೆ ತಲೆಕೆಳಗಾಗಿ ಆಸೀನರಾಗಿರುವ ಹಲ್ಲಿಯವರೇ,

ಈ ಸಭೆಯಲ್ಲಿ ನಾಲ್ಕು ಮಾತು ಆಡಲು ಸಿಕ್ಕಿದ್ದು ನನ್ನ ಭಾಗ್ಯ. ಎದ್ದು ಹೋಗಲು ನಿಮಗೆ ಕಾಲಿಲ್ಲದ್ದು ನಿಮ್ಮ ದೌರ್ಭಾಗ್ಯ. (ಹಲ್ಲಿಯವರು ಕ್ಷಮಿಸಬೇಕು.) ನನ್ನ ಹೆಸರು ಮೂಕಪ್ಪ. ಹೆಸರು ಹಾಗಿದ್ದರೂ ಮಾತಿಗೆ ಕೊರತೆಯೇನಿಲ್ಲ, ಕೇಳುವವರಿಗೆ ಮಾತ್ರ ಕೊರತೆ. ವಯಸ್ಸು ನಲವತ್ತೈದು. ಕನ್ನಡ ಮುಲ್ಕಿ ಪಾಸು, ಪ್ರಾಸದಲ್ಲಿ ಫಸ್ಟ್ ಕ್ಲಾಸು. ಹೆಂಡತಿ ತೀರಿಕೊಂಡು ಹದಿನೆಂಟು ವರ್ಷ. ಅದಾದ ಮರುವರ್ಷ ಈ ಊರಿಗೆ ಬಂದೆ. ಮೊದಲು ಅರಳೆ ವ್ಯಾಪಾರಿಯ ಕಾರಕೂನ, ಈಗ ಮಕ್ಕಳ ಕಲ್ಯಾಣ ಮಂಡಳಿಯ ಕಾರಕೂನ. ಧಣಿ ಬದಲಾದರೂ ಮೇಜು ಅದೇ.

ಸಭೆಯ ಮುಂದಿರುವ ವಿಷಯ ಇಷ್ಟು. ನಾವು ಕುಳಿತಿರುವುದು ಬೆಟಗೇರಿಯ ಹಳೆಯ ಅರಳೆ ವಖಾರಿ. ಮುಂದಿನ ಕೋಣೆ ಕಚೇರಿ, ಹಿಂದಿನ ಕೋಣೆಯಲ್ಲಿ ನನ್ನ ಹೊರಸು ಮತ್ತು ಒಲೆ. ನಡುವಿನ ದೊಡ್ಡ ಪಡಸಾಲೆಯಲ್ಲಿ ಮೊದಲು ಅರಳೆ ಇತ್ತು, ಆಮೇಲೆ ಏನೂ ಇರಲಿಲ್ಲ. ಎರಡೂ ಮಾತಾಡುವಂಥವಲ್ಲ. ಈಗ ಅಲ್ಲಿ ಬಾಲವಾಡಿ ಆಗಲಿದೆ. ಎದುರಿನ ಶೇಂಗಾ ಗಿರಣಿಯಲ್ಲಿ ಕಾಳು ಆರಿಸುವ ಹೆಂಗಸರ ಕೂಸುಗಳಿಗಾಗಿ ಸರಕಾರ ಗ್ರಾಂಟು ಮಂಜೂರು ಮಾಡಿದೆ. ಹಾಡು, ಅಕ್ಷರ, ಮಧ್ಯಾಹ್ನ ಪುಡಿ ಕಲಸಿದ ಹಾಲು. ತಾಯಂದಿರು ಕೆಲಸ ಬಿಡುವವರೆಗೆ, ಅಂದರೆ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಪಡಸಾಲೆಗೂ ನನ್ನ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅದರಲ್ಲಿ ಎದೆಯೆತ್ತರಕ್ಕೆ ಒಂದು ತೂತು.

ತೂತಿಗೆ ಇವತ್ತು ಅರಳೆ ತುರುಕಿದೆ.

೬ ಸೆಪ್ಟೆಂಬರ್, ಗುರುವಾರ

ಬಾಲವಾಡಿಯ ನಿಯಮಗಳನ್ನು ಬರೆಯುವ ಕೆಲಸ ನನ್ನದಾಗಿತ್ತು. ಅದೂ ಕನ್ನಡದಲ್ಲಿ. ಇನ್ನೆರಡು ತಿಂಗಳಿಗೆ ಕನ್ನಡ ರಾಜ್ಯ ಬರುತ್ತದೆ, ಇಂಗ್ಲಿಷಿನ ಹಂಗು ಯಾಕೆ ಎಂದು ಮಂಡಳಿಯ ಅಧ್ಯಕ್ಷ ಸಕ್ರಪ್ಪನವರ ಅಪ್ಪಣೆ. ಒಂಬತ್ತು ನಿಯಮ ಬರೆದೆ. ನಾಲ್ಕನೆಯದು ನನ್ನ ಮೇರುಕೃತಿ:

“ಈ ಊರಲ್ಲಿ ಹುಟ್ಟಿದ ಕೂಸಿಗೆ ಬಿಟ್ಟಿ, ಹೊರಗೆ ಹುಟ್ಟಿದ್ದರೆ ತಿಂಗಳಿಗೆ ಎರಡು ರೂಪಾಯಿ ಕಟ್ಟಿ.”

ಸಕ್ರಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. “ಭೇಷ್ ಮೂಕಪ್ಪ! ಕಾಯ್ದೆನೂ ಆತು, ಕವಿತಾನೂ ಆತು.” ಕಮಿಟಿಯವರು ಚಹಾ ಕುಡಿದು ಸಹಿ ಹಾಕಿದರು.

ಸಭಿಕರಲ್ಲಿ ಯಾರಾದರೂ ಈ ನಿಯಮ ಯಾಕೆ ಎಂದು ಕೇಳಬಹುದು. ಮೂರು ಕಾರಣಗಳಿವೆ. ಒಂದು, ಗ್ರಾಂಟು ಊರಿಗೆ ಕೊಟ್ಟದ್ದು, ಊರಿನ ಕೂಸಿಗೇ ಸಲ್ಲಬೇಕು. ಎರಡು, ಹುಟ್ಟಿದ ದಾಖಲೆ ಊರಲ್ಲೇ ಇದ್ದರೆ ತಪಾಸಣೆಗೆ ಸುಲಭ. ಮೂರು,

ಶಾಯಿ ಮುಗಿಯಿತು.

೧೧ ಸೆಪ್ಟೆಂಬರ್, ಮಂಗಳವಾರ

ಬಾಲವಾಡಿ ಶುರುವಾಯಿತು. ಕಲಿಸುವ ಬಾಯಿಯವರ ಹೆಸರು ರಹಿಮತಬಿ. ನನಗಿಂತ ಐದಾರು ವರ್ಷ ದೊಡ್ಡವರು, ಮಾತು ನೆಟ್ಟಗೆ. ಬಾಗಿಲಲ್ಲಿ ಮೇಜು ಹಾಕಿಕೊಂಡು ನಾನು ಹೆಸರು ಬರೆಯಲು ಕೂತೆ. ಹೊರಗೆ ಮೂವತ್ತೊಂದು ತಾಯಂದಿರು.

ಮೊದಲನೆಯವಳು ದುರಗವ್ವ. ಗಂಡ ತಿರಕಪ್ಪ ಪೇಟೆಯಲ್ಲಿ ಹಮಾಲಿ, ಮನೆಯಲ್ಲಿ ಅತ್ತೆಯಿಲ್ಲ. ಸೊಂಟದ ಮೇಲೆ ಮೂರು ವರ್ಷದ ಮಗಳು ಮುತ್ತವ್ವ. ಆ ಕೂಸು ನನ್ನ ಟೊಪ್ಪಿಗೆಯನ್ನೇ ನೋಡುತ್ತಿತ್ತು.

“ಕೂಸು ಎಲ್ಲಿ ಹುಟ್ಟಿದ್ದು?”

“ಡಂಬಳದಾಗ್ರಿ,” ಎಂದಳು ದುರಗವ್ವ, ಕೊರಳು ತುಸು ಎತ್ತಿ. “ನಮ್ಮ ತವರಮನಿಯಾಗ. ನಮ್ಮಣ್ಣ ಉಡಚಪ್ಪ ಚಕ್ಕಡಿ ಕಟಗೊಂಡು ಬಂದು ಕರಕೊಂಡು ಹೋಗಿದ್ದ್ರಿ.”

“ಹಾಗಾದರೆ ಎರಡು ರೂಪಾಯಿ.”

ಎರಡು ರೂಪಾಯಿ ಎಂದರೆ ಅವಳ ಮೂರು ದಿನದ ಕೂಲಿ. ಅವಳು ಪಕ್ಕಕ್ಕೆ ಸರಿದಳು. ಮುಂದಿನವಳದು ಸೊರಟೂರು. ಅದರ ಮುಂದಿನವಳದು ಬಿಂಕದಕಟ್ಟಿ. ಇಲ್ಲಿಂದ ಗಟ್ಟಿಯಾಗಿ ಕೂಗಿದರೆ ಕೇಳಿಸೀತು, ಆದರೂ ಹೊರಗೇ. ಬನ್ನಿಕೊಪ್ಪದವಳಂತೂ ಹೈದರಾಬಾದ ರಾಜ್ಯದಲ್ಲಿ ಹೆತ್ತು ಬಂದಿದ್ದಾಳೆ. ಒಬ್ಬಳು ಲಕ್ಷ್ಮೇಶ್ವರ ಎಂದಳು. ಅವಳನ್ನು ಮಾತ್ರ ಎರಡು ಸಲ ಕೇಳಬೇಕಾಯಿತು, ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಮೂವತ್ತೊಂದರಲ್ಲಿ ಇಪ್ಪತ್ತೇಳು ಕೂಸುಗಳು ತಾಯಿಯ ತವರಲ್ಲಿ ಹುಟ್ಟಿದವು.

ರಹಿಮತಬಿ ಹೊರಗೆ ಬಂದು ಹೆಂಗಸರಿಗೆ ಮೆಲ್ಲಗೆ, ಅಂದರೆ ಇಡೀ ಓಣಿಗೆ ಕೇಳುವ ಹಾಗೆ, ಹೇಳಿದರು. “ಗದಗ ಅಂತ ಹೇಳ್ರವ್ವಾ. ಯಾರ್ ಬಂದು ನೋಡ್ತಾರ?”

“ಗಂಡನ ಮನ್ಯಾಗ ಹಡದೆ ಅಂತ ಬರಸ್ಲೇನ್ರಿ ಬಾಯಾರ?” ಎಂದಳು ದುರಗವ್ವ. “ತವರಿಲ್ಲದಾಕಿ, ಕರಿಯೋರಿಲ್ಲದಾಕಿ ಅಂತ ಆಗ್ತೈತಿ. ನಮ್ಮಣ್ಣ ಇನ್ನಾ ಬದಕ್ಯಾನ್ರಿ!”

ಉಳಿದವರೂ ಹೌದೌದು ಎಂದರು. ಒಬ್ಬಳೂ ಸುಳ್ಳು ಹೇಳಲಿಲ್ಲ.

ಆಗ ರಹಿಮತಬಿ ನನ್ನ ಕಡೆ ತಿರುಗಿದರು. “ಕಾರಕೂನ್ರ, ಹಡ್ಯಾಕ ಹೆಣ್ಮಕ್ಳು ಎಲ್ಲಿ ಹೋಗ್ತಾರ ಅನ್ನೂದು ಗೊತ್ತಿರಲಾರದ ಆ ಶಾಣ್ಯಾ ಯಾರ್ರಿ, ಇದನ್ನ ಬರದಾಂವ?”

“ನಾನೇ.”

“ಹಂಗಾದ್ರ ಬಿಡ್ರಿ. ಹೆಂಡ್ತಿ ಮಕ್ಕಳಿಲ್ಲದ ಮನುಷ್ಯಾಗ ಹೆಂಗ ಗೊತ್ತಾಗಬೇಕು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಹಾಜನರೇ, ತಪ್ಪು ಮನುಷ್ಯಸಹಜ, ಅದರಲ್ಲೂ ಪ್ರಾಸ ಕೂಡಿದ ತಪ್ಪು.

೧೨ ಸೆಪ್ಟೆಂಬರ್

ಹಾಜರಿ ನಾಲ್ಕು. ಮೂರು ಕೂಸು ಮಲಗಿದ್ದವು. ಶಾಂತಿ.

೧೯ ಸೆಪ್ಟೆಂಬರ್, ಬುಧವಾರ

ನನ್ನ ಕಿಟಕಿಯ ಎದುರಿಗೆ ಗಿರಣಿಯ ಗೇಟು, ಗೇಟಿನ ಪಕ್ಕ ಬೇವಿನ ಗಿಡ. ದುರಗವ್ವ ಹಳೆಯ ಸೀರೆಯ ಅಂಚು ಹರಿದು ಒಂದು ತುದಿಯನ್ನು ಮುತ್ತವ್ವನ ಸೊಂಟಕ್ಕೆ, ಇನ್ನೊಂದನ್ನು ಗಿಡಕ್ಕೆ ಕಟ್ಟಿ ಒಳಗೆ ಹೋಗುತ್ತಾಳೆ. ಗಿರಣಿಯೊಳಗೆ ಕೂಸುಗಳನ್ನು ಬಿಡುವುದಿಲ್ಲ, ಅಲ್ಲಿ ಯಂತ್ರದ ಪಟ್ಟಾ ತಿರುಗುತ್ತದೆ. ಅರ್ಧ ತಾಸಿಗೊಮ್ಮೆ ಅವಳು ಗೇಟಿನಿಂದ ತಲೆ ಹೊರಹಾಕಿ “ಮುತ್ತೂ!” ಎನ್ನುತ್ತಾಳೆ. ಕೂಸು “ಆಂ” ಎನ್ನುತ್ತದೆ. ಇಷ್ಟೇ ಅವರ ಸಂಭಾಷಣೆ. ದಿನಕ್ಕೆ ಹದಿನಾರು ಸಲ. ನಾನು ಎಣಿಸಲಿಲ್ಲ, ತಾನಾಗಿ ಕಿವಿಗೆ ಬಿತ್ತು.

ರಹಿಮತಬಿ ಅಧ್ಯಕ್ಷರ ಹತ್ತಿರ ಹೋಗಿ ನಿಯಮ ತಿದ್ದಿ ಎಂದರಂತೆ. “ಕಾರಕೂನ ಅಜೆಂಡಾದಾಗ ಬರೀಲಿ, ಕಮಿಟಿ ಮುಂದ ಇಡೋಣು,” ಎಂದರಂತೆ ಅವರು. ಬರೆಯುತ್ತೇನೆ ಎಂದೆ. ಬರೆಯಬೇಕಾದ ಬೇರೆ ಕಾಗದಗಳೂ ಇವೆ.

ಅಕ್ಟೋಬರ್ ಕೊನೆಯೊಳಗೆ ಇಪ್ಪತ್ತೈದು ಕೂಸು ತುಂಬದಿದ್ದರೆ ಗ್ರಾಂಟು ವಾಪಸು, ಬಾಲವಾಡಿ ಬಂದ್, ಪಡಸಾಲೆ ಮತ್ತೆ ಖಾಲಿ. ಇದನ್ನು ಸಭೆಯ ಗಮನಕ್ಕೆ ತಂದಿದ್ದೇನೆ. ನನ್ನ ಅಭಿಪ್ರಾಯವನ್ನು ಸಭೆ ಕೇಳಿಲ್ಲ.

೨೭ ಸೆಪ್ಟೆಂಬರ್, ಗುರುವಾರ

ನನ್ನ ಮೇಜಿನ ಮೇಲಿಂದ ಒಂದು ಕಾಗದ ಕಳುವಾಯಿತು. ಬೇಸರಕ್ಕೆ ಬರೆದ ಪದ್ಯ:

ಇಲಿರಾಯ ಬಂದ ಕಚೇರಿಗೆ,
ಬಾಲವ ಸುತ್ತಿದ ಕುರ್ಚಿಗೆ.
ಅರ್ಜಿ ಕೊಟ್ಟರೆ ಓದಲೇ ಇಲ್ಲ,
ತಿಂದೇ ಬಿಟ್ಟ ಎಲ್ಲಾ ಎಲ್ಲ!

ಮಧ್ಯಾಹ್ನ ಹಲಗೆಯ ಆಚೆಯಿಂದ ಅದೇ ಪದ್ಯ ಕೇಳಿಸಿತು. ಕಳ್ಳರು ರಹಿಮತಬಿ. ನಾಲ್ಕು ಕೂಸುಗಳಿಗೆ ಕಲಿಸುತ್ತಿದ್ದರು. ನಾಲ್ಕಕ್ಕೂ ಶ್ರುತಿ ಇಲ್ಲ. ಆದರೆ ಐದನೆಯ ದನಿಯೊಂದು ಬೇರೆ ದಿಕ್ಕಿನಿಂದ ಬಂತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಬೇವಿನ ಗಿಡದ ಕೆಳಗೆ ಮುತ್ತವ್ವ ಕಟ್ಟಿದ ಸೀರೆಯನ್ನು ಜಗ್ಗಿಕೊಂಡು ಕುಣಿಯುತ್ತ ಹಾಡುತ್ತಿದ್ದಳು. “ಓದೂದಿಲ್ಲ, ತಿಂತಾನ ಎಲ್ಲ! ಓದೂದಿಲ್ಲ, ತಿಂತಾನ ಎಲ್ಲ!”

ಕವಿಯ ಪಾಠವನ್ನು ತಿದ್ದುವ ಅಧಿಕಾರ ಅವಳಿಗೆ ಯಾರು ಕೊಟ್ಟರು? ತಿದ್ದಿದ್ದು ಮೂಲಕ್ಕಿಂತ ಚೆನ್ನಾಗಿತ್ತು, ಅದು ಬೇರೆ ಮಾತು.

ತೂತಿನ ಅರಳೆ ತೆಗೆದೆ. ಸೆಖೆ.

೨ ಅಕ್ಟೋಬರ್, ಮಂಗಳವಾರ

ಗಾಂಧಿ ಜಯಂತಿ. ಪಡಸಾಲೆಯಲ್ಲಿ ಸಕ್ರಪ್ಪನವರ ಭಾಷಣ. ಬಡವರ ಕೂಸಿಗೂ ಸಾಹುಕಾರರ ಕೂಸಿಗೂ ಒಂದೇ ಅಂಗಳ, ಒಂದೇ ಹಾಲು ಎಂದರು. ಭಾಷಣವನ್ನು ಬರೆದವನು ನಾನು. ಕೇಳಲು ನಾಲ್ಕು ಕೂಸು ಮತ್ತು ಒಂದು ನಾಯಿ.

ಭಾಷಣ ಮುಗಿದ ಮೇಲೆ ದುರಗವ್ವ ಬಾಗಿಲಿಗೆ ಬಂದು ಒಂದು ಚೀಟಿ ಕೊಟ್ಟಳು. ಯಾರದೋ ಕೈಯಿಂದ ಬರೆಸಿದ ಅರ್ಜಿ, ಫೀ ಮಾಫಿ ಮಾಡಬೇಕು ಎಂದು. ಕೆಳಗೆ ಅವಳ ಹೆಬ್ಬೆಟ್ಟು.

“ಸಾಹೇಬ್ರ, ಬಿಸಲಾಗ ಕೂಸಿನ ಮಾರಿ ಕರ್ರಗಾಗೇತ್ರಿ. ನಿನ್ನಿ ಯಾಂವೋ ಚಕ್ಕಡಿಯವಾ ಇನ್ನೊಂದೀಟ ಆಗಿದ್ರ ಆಕಿ ಮ್ಯಾಲ ಹಾಯಸ್ತಿದ್ದ್ರಿ. ಜಲ್ದಿ ನೋಡ್ರಿ.”

“ನೋಡೋಣ,” ಎಂದು ಡ್ರಾವರಿನಲ್ಲಿಟ್ಟೆ.

ಗಿಡದ ಕೆಳಗಿನಿಂದ ಇಲಿರಾಯನ ಹಾಡು ಸಂಜೆಯವರೆಗೂ ಕೇಳಿಸಿತು. ಇವತ್ತು ಪ್ರಾಸ ಹಿಡಿಸಲಿಲ್ಲ.

೧೪ ಅಕ್ಟೋಬರ್, ರವಿವಾರ

ಬನ್ನಿ ಹಬ್ಬ. ಬೆಳಗ್ಗೆಯಿಂದ ಓಣಿಯಲ್ಲಿ ಜನ ಮನೆಯಿಂದ ಮನೆಗೆ ಓಡಾಡುತ್ತಿದ್ದರು, ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಿದ್ದರು. ನಾನೂ ಒಂದು ಟೊಂಗೆ ತಂದಿಟ್ಟಿದ್ದೆ. ತರುವುದು ರೂಢಿ. ಕೊಡುವುದು ಯಾರಿಗೆ? ಕಪಾಟಿಗೆ ಕೊಟ್ಟೆ, ಕೊಡಕ್ಕೆ ಕೊಟ್ಟೆ. ಹಲ್ಲಿಯವರು ಊರಲ್ಲಿರಲಿಲ್ಲ.

ಸಂಜೆ ಬಾಗಿಲು ಬಡಿಯಿತು. ಎಷ್ಟು ಕೆಳಗೆ ಬಡಿದಿತ್ತೆಂದರೆ ನಾಯಿ ಅಂದುಕೊಂಡೆ. ಮುತ್ತವ್ವ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಹೊಸ ಲಂಗ. ಹಿಂದೆ ದೂರದಲ್ಲಿ ದುರಗವ್ವ ಸೆರಗು ಸರಿಮಾಡಿಕೊಳ್ಳುತ್ತಾ ನಿಂತಿದ್ದಳು. ಕೂಸು ಮುಷ್ಟಿಯಲ್ಲಿ ಮುದ್ದೆಯಾಗಿದ್ದ ಬನ್ನಿ ಎಲೆ ನನ್ನ ಕೈಗಿಟ್ಟು, ತಾಯಿ ಕಲಿಸಿದ್ದನ್ನು ಒಂದೇ ಉಸಿರಿಗೆ ಹೇಳಿತು.

“ಬನ್ನಿ ತಗೊಂಡು ಬಂಗಾರದಂಗ ಇರೋಣು. ಟೊಪ್ಪಿಗಿ ಕೊಡು.”

ಎರಡನೆಯ ವಾಕ್ಯ ಕಲಿಸಿದ್ದಲ್ಲ. “ಯವ್ವಾ, ಹಂಗ ಅನಬಾರ್ದ!” ಎಂದು ದುರಗವ್ವ ಓಡಿ ಬಂದಳು. ನಾನು ಟೊಪ್ಪಿಗೆ ತೆಗೆದು ಕೂಸಿನ ತಲೆಗಿಟ್ಟೆ. ಮೂಗಿನವರೆಗೆ ಇಳಿಯಿತು. ಅದರ ಒಳಗಿಂದಲೇ ನಗುವುದು ಕೇಳಿಸಿತು.

ಟೊಪ್ಪಿಗೆ ತಿರುಗಿ ಕೊಟ್ಟು ಅವರು ಹೋದ ಮೇಲೆ ದುರಗವ್ವನ ಮುಖ ನೆನಪಾಯಿತು. ಏನೋ ಹೇಳುವವಳಿದ್ದಳು. ಅರ್ಜಿಯ ಮಾತು ತೆಗೆಯಲಿಲ್ಲ. ಹಬ್ಬದ ದಿನ ಎಂದಿರಬೇಕು.

ಎಲೆ ಈ ಪುಟದಲ್ಲಿದೆ.

೨೨ ಅಕ್ಟೋಬರ್, ಸೋಮವಾರ

ಗಿಡದ ಕೆಳಗೆ ಯಾರೂ ಇಲ್ಲ.

೨೩ ಅಕ್ಟೋಬರ್, ಮಂಗಳವಾರ

ಇವತ್ತೂ ಇಲ್ಲ. ಸೀರೆಯ ಅಂಚು ಮಾತ್ರ ಗಿಡಕ್ಕೆ ಕಟ್ಟಿಕೊಂಡೇ ಇದೆ, ಗಾಳಿಗೆ ಹಾರುತ್ತಿದೆ. ಜ್ವರವೇ? ಚಕ್ಕಡಿಯೇ? ಹನ್ನೊಂದರವರೆಗೆ ಕಾದೆ. ಆಮೇಲೆ ಟೊಪ್ಪಿಗೆ ಹಾಕಿಕೊಳ್ಳದೆಯೇ ರಸ್ತೆ ದಾಟಿ ಗಿರಣಿಯ ಗೇಟಿಗೆ ಹೋದೆ. ಹದಿನೇಳು ವರ್ಷದಲ್ಲಿ ಆ ಗೇಟಿಗೆ ಇದೇ ಮೊದಲು.

ದುರಗವ್ವ ಬಂದಳು. ತಲೆಯ ತುಂಬ ಶೇಂಗಾದ ಧೂಳು.

“ಡಂಬಳಕ್ಕ ಬಿಟ್ಟು ಬಂದೇನ್ರಿ, ನಮ್ಮವ್ವನ ಹತ್ರ. ಮತ್ತೇನ್ ಮಾಡೂದ್ರಿ? ಗಿಡಕ್ಕ ಕಟ್ಟಾಕ ಅದೇನು ಕರುವೇನ್ರಿ? ಕೆಲಸಾ ಬಿಟ್ರ ಹೊಟ್ಟಿಗಿಲ್ಲ.”

“ಎಷ್ಟು ದಿನಕ್ಕೆ?”

“ದಿನಾ ಎಲ್ಲೀದ್ರಿ. ದೊಡ್ಡಾಕಿ ಆಗೂ ಮಟಾ. ನಾಕೈದು ವರ್ಷ.” ಸೆರಗಿನಿಂದ ಮುಖ ಒರೆಸಿಕೊಂಡಳು, ಧೂಳಿಗೆ. “ನನ್ನ ಮರೀತಾಳ. ಮರೀಲಿ ಬಿಡ್ರಿ. ಕಣ್ಣಿಗೆ ಬೀಳಲಿಲ್ಲಂದ್ರ ನಂಗೂ ರೂಢಿ ಆಗ್ತೈತಿ.”

ಆಗುವುದಿಲ್ಲ ಎಂದೆ.

ಅವಳು ನನ್ನನ್ನು ನೋಡಿದಳು. ನಾನು ತಿರುಗಿ ಬಂದುಬಿಟ್ಟೆ. ಇದರ ಬಗ್ಗೆ ಸಭೆಯಲ್ಲಿ ಚರ್ಚೆ ಬೇಡ.

ಅಜೆಂಡಾ ಬರೆದೆ. ಒಂದೇ ವಿಷಯ. ನಾಲ್ಕನೆಯ ನಿಯಮ ರದ್ದು, ಗಿರಣಿಯಲ್ಲಿ ದುಡಿಯುವ ತಾಯಿಯ ಕೂಸು ಎಲ್ಲೇ ಹುಟ್ಟಿರಲಿ, ಫೀ ಇಲ್ಲ. ಪ್ರಾಸ ಕೂಡಲಿಲ್ಲ. ಕೂಡಿಸಲಿಲ್ಲ. ದುರಗವ್ವನ ಅರ್ಜಿಯನ್ನು ಡ್ರಾವರಿನಿಂದ ತೆಗೆದು ಮೇಲೆ ಪಿನ್ನು ಮಾಡಿದೆ.

೨೬ ಅಕ್ಟೋಬರ್, ಶುಕ್ರವಾರ

ಕಮಿಟಿ ಕೂಡಿತು. ಎಲ್ಲರ ತಲೆಯಲ್ಲೂ ಒಂದನೆಯ ತಾರೀಖಿನ ಮೆರವಣಿಗೆ, ಪಟಾಕಿ, ಪೇಡೆ. ನನ್ನ ವಿಷಯ ಬಂದಾಗ ಒಬ್ಬರು, “ಫೀ ಬ್ಯಾಡಾದ್ರ ಹಾಲಿನ ಖರ್ಚು ಯಾರಪ್ಪ ಕೊಡಾಂವಾ?” ಎಂದರು. ಫೀ ಕಟ್ಟುವ ಒಂದು ಕೂಸೂ ಬಂದಿಲ್ಲ, ಗ್ರಾಂಟು ಹೋದರೆ ಹಾಲೂ ಇಲ್ಲ ಬಾಲವಾಡಿಯೂ ಇಲ್ಲ ಎಂದೆ. ಇಡೀ ಕರ್ನಾಟಕ ಒಂದಾಗುವ ವಾರದಲ್ಲಿ ನಾವು ಡಂಬಳದ ಕೂಸನ್ನು ಹೊರಗಿನದು ಅನ್ನುತ್ತಿದ್ದೇವೆ ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಈ ಸಭೆಯಲ್ಲಿ ಕೇಳುವವರಿದ್ದರು, ಅದಕ್ಕೇ ಇರಬೇಕು.

ಸಕ್ರಪ್ಪನವರು ನಕ್ಕರು. “ಅಲ್ಲೋ ಮೂಕಪ್ಪ, ಹೆಣ್ಮಕ್ಳು ತವರಿಗೆ ಹೋಗಿ ಹಡೀತಾರ ಅನ್ನೂದು ನಿನಗ ಈಗ ಹೊಳೀತೇನು? ಇದಕ್ಕ ನೋಡು, ಹೆಂಡ್ತಿಲ್ಲದಾವನ ಕೈಯಾಗ ಕಾಯ್ದೆ ಕೊಡಬಾರ್ದು!” ಎಲ್ಲರೂ ನಕ್ಕರು. ನಗುತ್ತಲೇ ಸಹಿ ಹಾಕಿದರು. “ಮರವು,” ಎಂದು ನಡಾವಳಿಯಲ್ಲಿ ಬರೆಯಲು ಹೇಳಿದರು. “ಕಾರಕೂನನ ಮರವಿನಿಂದಾದ ತಪ್ಪನ್ನು ತಿದ್ದಲಾಯಿತು.”

ಬರೆದೆ.

೨೯ ಅಕ್ಟೋಬರ್, ಸೋಮವಾರ

ಆ ಇಪ್ಪತ್ತೇಳು ತಾಯಂದಿರ ಹೆಸರು, ಓಣಿ, ತವರೂರು ನನ್ನ ಹತ್ತಿರ ಇದ್ದವು. ಯಾವ ನಮೂನೆಯಲ್ಲೂ ಆ ಕಾಲಮು ಇಲ್ಲ, ಯಾಕೆ ಬರೆದಿಟ್ಟುಕೊಂಡಿದ್ದೆನೋ. ಮೂರು ದಿನ ಮನೆಮನೆ ತಿರುಗಿದೆ. ಬೆಟಗೇರಿಯಲ್ಲಿ ಇಷ್ಟು ಓಣಿಗಳಿವೆ ಎಂದು ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ಚಹಾ, ಒಂದರಲ್ಲಿ ಚುನಮರಿ, ಒಂದರಲ್ಲಿ ಬೈಗಳು. “ಈಗ ಬಂದ್ರೇನ್ರಿ? ಕೂಸಿನ್ನ ಸೊರಟೂರಿಗೆ ಕಳಿಸಿ ತಿಂಗಳಾತು. ಅಲ್ಲೇ ಇರ್ಲಿ ಅಂತಾರ ಅತ್ತಿಯವರು.” ಅಂಥ ಮನೆ ನಾಲ್ಕು. ಲಕ್ಷ್ಮೇಶ್ವರದವಳ ಮನೆಗೆ ಬೀಗ. ಕೆಲಸ ಬಿಟ್ಟು, ಕೂಸನ್ನು ಕಟ್ಟಿಕೊಂಡು ತವರಿಗೇ ಹೋದಳಂತೆ. ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಕಾಲು ನೋಯುತ್ತಿತ್ತು.

ದುರಗವ್ವನಿಗೆ ಗೇಟಿನಲ್ಲಿ ಹೇಳಿದೆ. “ನೀರು ತುಂಬೂ ಹಬ್ಬಕ್ಕ ಹೋಗಿ ಕರಕೊಂಡು ಬರ್ತೀನ್ರಿ,” ಎಂದಳು. ಅಷ್ಟೇ ಹೇಳಿ ಒಳಗೆ ಓಡಿದಳು. ಧೂಳಿನ ಗಿರಣಿಯೊಳಗೆ ಯಾರೋ ಕೇಕೆ ಹಾಕಿದ್ದು ಕೇಳಿಸಿತು.

೩೧ ಅಕ್ಟೋಬರ್, ಬುಧವಾರ

ಹಾಜರಿ ಇಪ್ಪತ್ತೈದು. ಗ್ರಾಂಟು ಉಳಿಯಿತು. ಲೆಕ್ಕ ತುಂಬಿತು.

ಡಂಬಳದ ಮೇಲೆ ಬರುವ ಮುಂಡರಗಿ ಬಸ್ಸು ಮೂರು ಸಲ ಬಂದು ಹೋಯಿತು. ಲೆಕ್ಕ ತುಂಬಿಲ್ಲ.

೧ ನವೆಂಬರ್ ೧೯೫೬, ಗುರುವಾರ

ಸಮಸ್ತ ಕನ್ನಡ ನಾಡಿನ ಮಹಾಜನರೇ,

ಇಂದು ನಾಡು ಒಂದಾಯಿತು. ಬೆಳಗ್ಗೆ ದೀಪಾವಳಿಯ ಎಣ್ಣೆ-ನೀರು ಮುಗಿಸಿ ಊರೆಲ್ಲ ಬೀದಿಗೆ ಬಂದಿತ್ತು. ಇನ್ನು ಬನ್ನಿಕೊಪ್ಪ ಹೊರಗಿನದಲ್ಲ, ಮುಂಬಯಿ ರಾಜ್ಯ ನಮ್ಮದಲ್ಲ. ನಮ್ಮ ಬಾಲವಾಡಿಯ ಕೂಸುಗಳು ಕಾಗದದ ಧ್ವಜ ಹಿಡಿದು ಮೆರವಣಿಗೆಯ ಹಿಂದೆ ಹೊರಟವು. ಕನ್ನಡಾಂಬೆಗೆ ಜಯಕಾರ ಹಾಕಬೇಕಾದಲ್ಲಿ ಇಲಿರಾಯನ ಹಾಡು ಹಾಡಿದವು. ರಹಿಮತಬಿ ಬೆತ್ತ ತೋರಿಸಿದರು, ಆಮೇಲೆ ತಾವೇ ಹಾಡಿದರು.

ಹನ್ನೊಂದು ಗಂಟೆಗೆ ದುರಗವ್ವ ಬಂದಳು. ಸೊಂಟದ ಮೇಲೆ ಮುತ್ತವ್ವ. ಕೂಸು ತಾಯಿಯನ್ನು ಅಪ್ಪಿಕೊಂಡಿರಲಿಲ್ಲ, ಬೆನ್ನು ಸೆಟೆದು ಕೂತಿತ್ತು.

“ನೋಡ್ರಿ ಸಾಹೇಬ್ರ ಈಕಿ ಆಟಾ. ಹತ್ತ ದಿನದಾಗ ನಮ್ಮವ್ವನ್ನ ಅವ್ವಾ ಅನ್ನಾಕ ಹತ್ಯಾಳ. ನನಗ ದುರಗವ್ವ ಅಂತಾಳ್ರಿ!” ನಗುತ್ತಲೇ ಹೇಳಿದಳು. ಕಣ್ಣು ನಗುತ್ತಿರಲಿಲ್ಲ.

ಪುಸ್ತಕ ತೆರೆದೆ. “ಎಲ್ಲಿ ಹುಟ್ಟಿದ್ದು?” ಎಂದು ಕೇಳಿದೆ. ಈಗ ಕೇಳುವ ಅಗತ್ಯವಿಲ್ಲ.

“ಡಂಬಳದಾಗ್ರಿ!”

ಬರೆದೆ. ಮುತ್ತವ್ವ ನನ್ನ ತಲೆಯನ್ನೇ ನೋಡುತ್ತಿದ್ದಳು. ಟೊಪ್ಪಿಗೆ ಕೊಟ್ಟೆ. ಅದನ್ನು ಮೂಗಿನವರೆಗೆ ಎಳೆದುಕೊಂಡು, ತಾಯಿಯ ಸೊಂಟದಿಂದ ಜಾರಿ ಇಳಿದು, ಪಡಸಾಲೆಯ ಕಡೆ ನಡೆದಳು. ಬಾಗಿಲಲ್ಲಿ ನಿಂತು ಹಿಂದೆ ತಿರುಗಿ, “ಅವ್ವಾ, ನೀ ಇಲ್ಲೇ ಇರ್ತೀಯಿಲ್ಲೋ?” ಎಂದಳು.

ದುರಗವ್ವ ಗೋಡೆಗೆ ಆತುಕೊಂಡಳು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಓಣ್ಯಾಗ ಕೆಲವ್ರು ನಿಮ್ಮನ್ನ ಬೈದ್ರಂತ್ರಿ. ಮನಸಿಗೆ ಹಚ್ಚಿಕೋಬ್ಯಾಡ್ರಿ. ಪಾಪ, ನಿಮಗೇನ್ ಗೊತ್ರಿ, ಮರತು ಬರದ್ರಿ. ಕಡೀಕ ನೀವ ತಿದ್ದಿದ್ರಿ. ನಿಮ್ಮಂಥಾವ್ರ ಹೊಟ್ಟಿ ತಣ್ಣಗಿರ್ಲಿ.”

ಮಹಾಜನರೇ,

ಇಲ್ಲ. ಮಹಾಜನರು ಯಾರೂ ಇಲ್ಲ. ಕಂದೀಲು ಇದೆ, ಕಪಾಟು ಇದೆ.

ನಾನು ಮರೆತಿರಲಿಲ್ಲ. ನನಗೊಬ್ಬಳು ಮಗಳು ಹುಟ್ಟಿದ್ದಳು. ಲಕ್ಷ್ಮೇಶ್ವರದಲ್ಲಿ, ಅವಳ ತಾಯಿಯ ತವರಲ್ಲಿ. ಆಗ ಅದು ಮೀರಜ ಸಂಸ್ಥಾನ. ಹದಿಮೂರನೆಯ ದಿನದ ತೊಟ್ಟಿಲ ಶಾಸ್ತ್ರಕ್ಕೆ ಬನ್ನಿ ಎಂದು ಕಾಗದ ಬಂದಿತ್ತು, ರಜೆಯ ಅರ್ಜಿಯನ್ನೂ ಬರೆದಿಟ್ಟಿದ್ದೆ. ಕೂಸು ಹನ್ನೊಂದು ದಿನ ಇತ್ತು. ತಾಯಿ ಒಂದು ತಿಂಗಳು. ಮಗಳ ಮುಖವನ್ನು ನಾನು ನೋಡಲೇ ಇಲ್ಲ. ಅಳುವ ದನಿ ಹೇಗಿತ್ತೋ ಗೊತ್ತಿಲ್ಲ, ಅದಕ್ಕೇ ಯಾವ ಕೂಸು ಅತ್ತರೂ ಅದೇ ಅನ್ನಿಸುತ್ತದೆ. ಹೆಣ್ಣುಮಕ್ಕಳು ಹೆರಲು ಎಲ್ಲಿಗೆ ಹೋಗುತ್ತಾರೆ ಎಂದು ಈ ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಲಗೆಯ ಆಚೆ ಒಂದು ಕೂಸೂ ಬರದಿರಲಿ ಎಂದು, ಗೊತ್ತಿದ್ದೇ ಬರೆದೆ.